ಕ್ಯಾಲ್ ಯಾರ ರೂಪಕವೂ ಅಲ್ಲ

ಜೆಫ್ರಿ ಯೂಜೆನಿಡಿಸ್‌ನ ‘ಮಿಡ್ಲ್‌ಸೆಕ್ಸ್’ (2002) ಕಾದಂಬರಿಯ ಮಾತು ಬಂದಾಗಲೆಲ್ಲ ಒಂದು ಜಾಣ ವಿವರಣೆ ಕೇಳಿಬರುತ್ತದೆ: ಹುಟ್ಟಿನಿಂದಲೇ ಅಂತರಲಿಂಗಿಯಾದ ಕ್ಯಾಲ್, ಅತ್ತ ಗ್ರೀಕರೂ ಅಲ್ಲದ ಇತ್ತ ಅಮೆರಿಕನ್ನರೂ ಆಗದ ವಲಸಿಗರ ರೂಪಕ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಕ್ಕೀತು. ನಾನು ಮಾತ್ರ ಈ ಓದನ್ನು ಒಪ್ಪಲಾರೆ.

ಕ್ಯಾಲ್‌ನ ಅಜ್ಜ ಲೆಫ್ಟಿ, ಅಜ್ಜಿ ಡೆಸ್ಡಿಮೋನಾ ಒಡಹುಟ್ಟಿದವರು. 1922ರಲ್ಲಿ ಹೊತ್ತಿ ಉರಿಯುತ್ತಿದ್ದ ಸ್ಮಿರ್ನಾದಿಂದ ಪಾರಾಗಿ, ಹಡಗಿನಲ್ಲಿ ಅಪರಿಚಿತರಂತೆ ನಟಿಸಿ ಮದುವೆಯಾಗುತ್ತಾರೆ. ಗಂಡ ಹೆಂಡತಿಯಾಗಿ ಡೆಟ್ರಾಯಿಟ್ ಸೇರುತ್ತಾರೆ. ತಮ್ಮ ಕತೆಯನ್ನು ತಾವೇ ಹೊಸದಾಗಿ ಕಟ್ಟಿಕೊಳ್ಳುವ ಅವಕಾಶ ಅವರಿಗಿತ್ತು. ಕ್ಯಾಲಿಯೋಪಿ ಎಂಬ ಹುಡುಗಿಯಾಗಿ ಬೆಳೆದ ಮೊಮ್ಮಗುವಿಗೆ ಅದಿರಲಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಅದರ ಕತೆ ಬರೆಯುವವನು ನ್ಯೂಯಾರ್ಕಿನ ಡಾಕ್ಟರ್ ಲೂಸ್. ಹೆಣ್ಣಾಗಿ ಬೆಳೆದಿದೆ, ಆದ್ದರಿಂದ ಹೆಣ್ಣೇ. ಶಸ್ತ್ರಚಿಕಿತ್ಸೆ ಮಾಡಿ ಸರಿಪಡಿಸೋಣ ಎಂಬುದು ಅವನ ತೀರ್ಮಾನ. ಪೂರ್ತಿ ನಿಜವನ್ನು ಮಗುವಿಗೆ ಯಾರೂ ಹೇಳುವುದಿಲ್ಲ. ಅದು ಗ್ರಂಥಾಲಯಕ್ಕೆ ಹೋಗಿ ನಿಘಂಟು ತೆರೆದು, ಒಂದು ಪದದಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ‘ರಾಕ್ಷಸ’ ಎಂಬ ಅರ್ಥಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಲೂಸ್‌ನ ವರದಿಯನ್ನು ಗುಟ್ಟಾಗಿ ಓದಿ ಓಡಿಹೋಗುತ್ತದೆ. ಇಡೀ ಕಾದಂಬರಿಯ ಜೀವ ಈ ಓಟದಲ್ಲಿದೆ. ‘ವಲಸಿಗರ ರೂಪಕ’ ಎನ್ನುವವರು ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ.

ತಪ್ಪು ಅವರೊಬ್ಬರದೇ ಅಲ್ಲ. ಒಡಹುಟ್ಟಿದವರ ಗುಟ್ಟಿನ ಮದುವೆಗೆ ಈ ದೇಹವನ್ನು ಗಂಟುಹಾಕಿ, ಹಿರಿಯರ ಪಾಪ ಮೊಮ್ಮಗುವಿನ ಮೈಯಲ್ಲಿ ಫಲಿಸಿತು ಎಂಬ ಓದಿಗೆ ಯೂಜೆನಿಡಿಸ್ ಬಾಗಿಲು ತೆರೆದಿಟ್ಟಿದ್ದಾನೆ. ಇಂಥ ಜೀನು ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ಸಾಕು, ರಕ್ತಸಂಬಂಧವೇ ಬೇಕೆಂದಿಲ್ಲ. ಪಾಪವಂತೂ ಬೇಕೇ ಇಲ್ಲ.

ಆದರೂ ಉತ್ತರ ಅವನ ಪುಸ್ತಕದಲ್ಲೇ ಇದೆ. ಬಸುರಿ ಸೊಸೆಯ ಹೊಟ್ಟೆಯ ಮೇಲೆ ಬೆಳ್ಳಿ ಚಮಚ ತೂಗಾಡಿಸಿ ಡೆಸ್ಡಿಮೋನಾ ಗಂಡು ಎನ್ನುತ್ತಾಳೆ. ಹೆರಿಗೆಯಾದಾಗ ಡಾಕ್ಟರು ಹೆಣ್ಣು ಎನ್ನುತ್ತಾನೆ. ಚಮಚಕ್ಕೂ ಡಾಕ್ಟರಿಗೂ ಗೊತ್ತಿದ್ದ ಪ್ರಶ್ನೆ ಒಂದೇ: ಎರಡರಲ್ಲಿ ಯಾವುದು? ಮಗುವನ್ನು ಕೇಳಿ ತಿಳಿಯೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಇದು ದೂರದ ಅಮೆರಿಕದ ಮಾತಷ್ಟೇ ಅಲ್ಲ. ನಮ್ಮ ಪಕ್ಕದ ತಮಿಳುನಾಡು, ಮದ್ರಾಸ್ ಹೈಕೋರ್ಟ್ ತೀರ್ಪಿನ ಬಳಿಕ 2019ರಲ್ಲಿ, ಜೀವಕ್ಕೆ ಅಪಾಯವಿದ್ದ ಹೊರತು ಅಂತರಲಿಂಗಿ ಶಿಶುಗಳಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡಬಾರದೆಂದು ನಿಷೇಧಿಸಿತು. ನಿಷೇಧ ಬೇಕಾಯಿತೆಂದರೆ ಕತ್ತರಿ ಆಡುತ್ತಿತ್ತೆಂದೇ ಅರ್ಥ. ರೂಪಕಕ್ಕೆ ಗಾಯವಾಗುವುದಿಲ್ಲ, ಮೈಗೆ ಆಗುತ್ತದೆ. ಕ್ಯಾಲ್‌ನನ್ನು ರೂಪಕವಾಗಿಸಿ ಓದುವ ನಾವು ಯಾರ ಪಕ್ಕ ನಿಂತಿದ್ದೇವೆ, ಓಡಿಹೋದ ಮಗುವಿನದೋ ವರದಿ ಬರೆದ ಲೂಸ್‌ನದೋ?