ಮದ್ದಿನ ಚೀಟಿಯನ್ನು ಒಮ್ಮೆ ಓದೋಣ

ಕಳೆದ ವರ್ಷ ನಮ್ಮ ಜಮಾಅತಿನ ಹಾಜಿಯವರೊಬ್ಬರು ಅಸರ್ ನಮಾಝ್ ಮುಗಿಸಿ ಏಳುವಾಗ ಬೆವರಿ, ಕೈ ನಡುಗಿ ಅಲ್ಲೇ ಕುಳಿತುಬಿಟ್ಟರು. ಪ್ರಜ್ಞೆ ಇತ್ತು, ಸಕ್ಕರೆ ನೀರು ಕುಡಿಸಿದೆವು, ಚೇತರಿಸಿಕೊಂಡರು. ಆಮೇಲೆ ಅವರ ಮದ್ದಿನ ಡಬ್ಬ ತೆರೆದು ನೋಡಿದಾಗ ಸಂಗತಿ ತಿಳಿಯಿತು. ಮಗ ಗಲ್ಫಿನಿಂದ ಕಳಿಸಿದ ಮಾತ್ರೆ ಒಂದು, ಇಲ್ಲಿನ ಆಸ್ಪತ್ರೆಯ ಓಪಿಯಲ್ಲಿ ಬರೆದುಕೊಟ್ಟದ್ದು ಇನ್ನೊಂದು. ಕಂಪೆನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಎರಡರ ಒಳಗೂ ಇದ್ದದ್ದು ಗ್ಲಿಮೆಪಿರೈಡ್. ಎರಡನ್ನೂ ನುಂಗುತ್ತಿದ್ದರು. “ಡಾಕ್ಟರ್ ಕೇಳಲಿಲ್ಲ ಉಸ್ತಾದ್, ನಾನೂ ಹೇಳಲಿಲ್ಲ” ಅಂದರು.

ನಮ್ಮ ಹೆಚ್ಚಿನ ಮನೆಗಳ ಕತೆ ಇದೇ. ಟೈಪ್ 2 ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಮೆಟ್‌ಫಾರ್ಮಿನ್. ಅದು ಸಾಲದಿದ್ದರೆ ಎರಡನೆಯದು, ಮತ್ತೆ ಮೂರನೆಯದು, ಬೇಕಾದರೆ ಇನ್ಸುಲಿನ್. ಆದರೆ ಮದ್ದು ಸಾಲಲಿಲ್ಲವೋ, ನಾವು ಸರಿಯಾಗಿ ತೆಗೆದುಕೊಳ್ಳಲಿಲ್ಲವೋ? ಹೊಟ್ಟೆ ಕೆಡುತ್ತದೆಂದು ಹದಿನೈದು ದಿನ ಮಾತ್ರೆ ಬಿಟ್ಟಿರುತ್ತೇವೆ. ಮದುವೆ ಮನೆಯಲ್ಲಿ ನೈಚೋರು, ಬಿರಿಯಾನಿ ಆಗಿರುತ್ತದೆ. ಡಾಕ್ಟರ್ ಕೇಳಿದರೆ “ಸರಿ ತಗೊಳ್ತಿದ್ದೇನೆ” ಎಂದು ತಲೆಯಾಡಿಸುತ್ತೇವೆ. ರಿಪೋರ್ಟಿನಲ್ಲಿ ಶುಗರ್ ಜಾಸ್ತಿ. ಚೀಟಿಗೆ ಇನ್ನೊಂದು ಮಾತ್ರೆ ಸೇರುತ್ತದೆ. ಎಷ್ಟೋ ಸಲ ಚೀಟಿ ಉದ್ದವಾಗುವುದು ಕಾಯಿಲೆಯಿಂದಲ್ಲ, ನಮ್ಮ ಮೌನದಿಂದ.

ಹಾಗೆಂದು ತಪ್ಪೆಲ್ಲ ರೋಗಿಯದೇ ಎನ್ನಲಾಗದು. ಮದ್ದಿನ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮಕ್ಕೆ ತಿದ್ದುಪಡಿ ತಂದಿತ್ತು. ಹಾಜಿಯವರ ಚೀಟಿಯಲ್ಲಿ ಆ ಹೆಸರಿದ್ದರೆ ಮೆಡಿಕಲಿನ ಹುಡುಗನಾದರೂ ಎಚ್ಚರಿಸಬಹುದಿತ್ತು. ಓಪಿಯಲ್ಲಿ ಎಷ್ಟೇ ರಶ್ ಇರಲಿ, “ಬೇರೆ ಏನಾದರೂ ಮದ್ದು ಉಂಟಾ?” ಎಂದು ಕೇಳಲು ಅರ್ಧ ನಿಮಿಷ ಸಾಕು.

ಖರ್ಚಿನ ಮಾತೂ ಇದೆ. ಸಿಟಾಗ್ಲಿಪ್ಟಿನ್ ಎಂಬ ಮಾತ್ರೆಯ ಪೇಟೆಂಟ್ 2022ರಲ್ಲಿ ಮುಗಿಯಿತು. ಹಲವು ಕಂಪೆನಿಗಳು ತಯಾರಿಸತೊಡಗಿದವು, ಬೆಲೆ ಇಳಿಯಿತು, ಜನೌಷಧಿ ಕೇಂದ್ರಕ್ಕೂ ಬಂತು. ಒಳಗಿನ ಮದ್ದಿನ ಹೆಸರು ಗೊತ್ತಿದ್ದವನಿಗೆ “ಇದೇ ಮದ್ದು ಕಡಿಮೆ ಬೆಲೆಗೆ ಸಿಗುತ್ತದಾ?” ಎಂದು ಡಾಕ್ಟರಲ್ಲಿ ಕೇಳಲು ಬಾಯಿ ಬರುತ್ತದೆ.

ರಮಝಾನಿನಲ್ಲಂತೂ ಇನ್ನಷ್ಟು ಜಾಗ್ರತೆ ಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಶುಗರ್ ಅಪಾಯಕಾರಿಯಾಗಿ ಇಳಿಯಬಹುದು. ಬೆಳಗ್ಗಿನ ಮಾತ್ರೆಯನ್ನು ಸಹರಿಗೆ ತಾವೇ ಬದಲಾಯಿಸಿಕೊಳ್ಳುವವರಿದ್ದಾರೆ. ಅದು ಬೇಡ. ತಿಂಗಳು ಹಿಡಿಯುವ ಮೊದಲೇ ಡಾಕ್ಟರನ್ನು ಕಾಣಬೇಕು. ರೋಗಿಗೆ ದೀನ್ ಕೊಟ್ಟ ವಿನಾಯಿತಿಯನ್ನು ಬಳಸುವುದರಲ್ಲಿ ನಾಚಿಕೆಯಿಲ್ಲ. ಜೀವ ಅಲ್ಲಾಹನ ಅಮಾನತ್ತು.

ಮುಂದಿನ ಸಲ ಓಪಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮದ್ದನ್ನೂ, ಗಲ್ಫಿನದ್ದು, ನಾಟಿ ಮದ್ದು ಸಹಿತ, ಒಂದು ಚೀಲದಲ್ಲಿ ಹಾಕಿ ಒಯ್ಯೋಣ. ಬಿಟ್ಟದ್ದನ್ನು ಬಿಟ್ಟೆ ಎಂದೇ ಹೇಳೋಣ. ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕೆಂದು ಕೇಳೋಣ. ಮದ್ರಸಕ್ಕೆ ಬರುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಓದುತ್ತಾರೆ. ಉಮ್ಮನ ಮಾತ್ರೆಯ ಹಿಂದಿರುವ ಸಣ್ಣ ಅಕ್ಷರವನ್ನು ಅವರಿಂದ ಇವತ್ತೇ ಓದಿಸೋಣ. ಹಾಜಿಯವರ ಮನೆಯಲ್ಲಿ ಈಗ ಆ ಕೆಲಸ ಮೊಮ್ಮಗಳದ್ದು.