ಶಿಸ್ತು ಮತ್ತು ದಂಡನೆ

ಆಂಗ್ಲಭಾಷೆಯಲ್ಲಿ ಮಕ್ಕಳ ಪೋಷಣೆಯ ಪ್ರಸ್ತಾಪ ಬಂದಾಗಲೆಲ್ಲ ‘ಡಿಸಿಪ್ಲಿನ್’, ‘ಪನಿಷ್‌ಮೆಂಟ್’ ಎಂಬೆರಡು ಶಬ್ದಗಳು ಜೊತೆಜೊತೆಯಾಗಿ ಕೇಳಬರುತ್ತವೆ. ಎರಡೂ ಒಂದೇ ಎಂದು ಬಗೆದು, ‘ಬೆತ್ತವು ಹೋಯಿತು, ಅದರೊಡನೆ ಶಿಸ್ತೂ ಹೋಯಿತು’ ಎಂದು ಗೋಳಿಡುವವರು ವಿದ್ಯಾವಂತರಲ್ಲಿಯೂ ಉಂಟು. ಇದು ಶಬ್ದಾರ್ಥವನ್ನು ವಿಚಾರಿಸದವರ ವಾದ.

ಮೊದಲನೆಯ ಶಬ್ದದ ಮೂಲವು ಲ್ಯಾಟಿನ್ನಿನ ‘ಡಿಸಿಪುಲಸ್’, ಎಂದರೆ ಶಿಷ್ಯ. ಎರಡನೆಯದರ ಮೂಲವು ‘ಪೊಯೆನಾ’, ಎಂದರೆ ತೆರಬೇಕಾದ ದಂಡ. ಒಂದು ಮಗುವನ್ನು ಕಲಿಯುವವನೆಂದು ಕಾಣುತ್ತದೆ, ಮತ್ತೊಂದು ಅಪರಾಧಿಯೆಂದು. ಹಾಲು ಚೆಲ್ಲಿದ ಬಾಲಕನಿಗೆ ಏಟು ಕೊಟ್ಟರೆ, ಮುಂದಿನ ಸಲ ಬೆಕ್ಕಿನ ಮೇಲೆ ತಪ್ಪು ಹೊರಿಸುವುದನ್ನು ಅವನು ಕಲಿಯುತ್ತಾನೆ. ನೆಲವನ್ನು ಅವನಿಂದಲೇ ಒರಸಿಸಿ, ಪಾತ್ರೆಯನ್ನು ಹಿಡಿಯುವ ಬಗೆಯನ್ನು ತೋರಿಸಿದರೆ ಎಚ್ಚರವನ್ನು ಕಲಿಯುತ್ತಾನೆ.

ಡಿಸಿಪ್ಲಿನ್ ಎಂಬುದಕ್ಕೆ ಹೊಡೆತವೆಂಬ ಅರ್ಥವೂ ಉಂಟಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ಉಂಟು. ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ತಮ್ಮ ಮೈಗೆ ಬಾರಿಸಿಕೊಳ್ಳುತ್ತಿದ್ದ ಚಾವಟಿಗೂ ಅದೇ ಹೆಸರಿತ್ತು. ಕನ್ನಡದ ಗತಿಯೂ ಬೇರೆಯಲ್ಲ. ಸಂಸ್ಕೃತದಲ್ಲಿ ‘ಶಿಕ್ಷ್’ ಧಾತುವಿಗೆ ವಿದ್ಯೆಯನ್ನು ಪಡೆಯುವುದೆಂದು ಅರ್ಥ. ವೇದಾಂಗಗಳಲ್ಲಿ ಒಂದಾದ ‘ಶಿಕ್ಷಾ’ ಶುದ್ಧೋಚ್ಚಾರಣೆಯ ಶಾಸ್ತ್ರ. ಅದೇ ಶಬ್ದವು ಕನ್ನಡದಲ್ಲಿ ‘ಶಿಕ್ಷೆ’ಯಾಗಿ ಸೆರೆಮನೆಯನ್ನು ಸೇರಿತು. ಶಬ್ದವು ದಾರಿತಪ್ಪಿತೆಂದು ಮನುಷ್ಯನ ವಿವೇಕವೂ ದಾರಿತಪ್ಪಬೇಕೆ?

ಶಾಸನಕರ್ತರು ಈ ಅಂತರವನ್ನು ಅರಿತರು. ಮಕ್ಕಳನ್ನು ಹೊಡೆದ ತಂದೆತಾಯಿಗಳಿಗೆ ‘ಯುಕ್ತವಾದ ದಂಡನೆ’ ಎಂಬ ಹೆಸರಿನಲ್ಲಿ ದೊರೆಯುತ್ತಿದ್ದ ರಕ್ಷಣೆಯನ್ನು ವೇಲ್ಸ್ ನಾಡು 2020ರ ಶಾಸನದಿಂದ ರದ್ದುಮಾಡಿತು. ಅದು 2022ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಶಾಲಾಬಾಲಕರ ದೈಹಿಕ ದಂಡನೆಯನ್ನೂ ಮಾನಸಿಕ ಪೀಡೆಯನ್ನೂ ನಿಷೇಧಿಸಿತು. ಶಿಸ್ತನ್ನು ಯಾವ ಶಾಸನವೂ ನಿಷೇಧಿಸಲಿಲ್ಲ.

ಆದುದರಿಂದ, ಬೆತ್ತವನ್ನು ಬಿಟ್ಟೆವೆಂದು ಮಕ್ಕಳನ್ನು ಮನಬಂದಂತೆ ಬೆಳೆಯಗೊಡುವವರೂ ಅದೇ ಭ್ರಾಂತಿಗೆ ಒಳಗಾದವರು. ಹೊತ್ತಿಗೆ ಸರಿಯಾಗಿ ಎಬ್ಬಿಸುವುದು, ಕೊಟ್ಟ ಮಾತನ್ನು ನಡೆಯಿಸುವುದು, ಆಗದೆಂದುದಕ್ಕೆ ಕಡೆಯವರೆಗೂ ಆಗದೆಂದೇ ನಿಲ್ಲುವುದು, ಇವೆಲ್ಲಕ್ಕೂ ಮೊದಲು ಹಿರಿಯರು ತಾವು ಹಾಗೆ ನಡೆಯುವುದು: ಶಿಸ್ತೆಂದರೆ ಇದು. ಇದಕ್ಕೆ ವರ್ಷಗಳ ತಾಳ್ಮೆ ಬೇಕು. ಬೆತ್ತಕ್ಕೆ ಕ್ಷಣದ ಕೋಪ ಸಾಕು. ತಾಳ್ಮೆಯಿಲ್ಲದವರೇ ಬೆತ್ತಕ್ಕಾಗಿ ಅಳುತ್ತಾರೆ.