ತರಗತಿ ಮುಗಿದ ಮೇಲೂ ಮೊಬೈಲ್ ಮಗುವಿನ ಕೈಯಲ್ಲೇ ಇದೆ

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ, ಅಲ್ಲಿಯವರೆಗೆ ‘ಮೊಬೈಲ್ ಮುಟ್ಟಬೇಡ’ ಎನ್ನುತ್ತಿದ್ದ ಪಾಲಕರೇ ಅದನ್ನು ಮಕ್ಕಳ ಕೈಗೆ ಕೊಡಬೇಕಾಯಿತು. ಜೂನ್‌ನಲ್ಲಿ ರಾಜ್ಯ ಸರ್ಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯು 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30-45 ನಿಮಿಷಗಳ ಎರಡು ಅವಧಿ, 9ರಿಂದ 12ನೇ ತರಗತಿಯವರಿಗೆ ನಾಲ್ಕು ಅವಧಿ ಮೀರಬಾರದು ಎಂದಿತು.

ಇಷ್ಟೂ ಚರ್ಚೆ ನಡೆದದ್ದು ಸಮಯದ ಬಗ್ಗೆ. ಕಣ್ಣಿನ ಆಯಾಸಕ್ಕೆ ಗಡಿಯಾರದ ಲೆಕ್ಕ ಸಾಕು, ಸುರಕ್ಷತೆಗೆ ಸಾಲದು. ಪಾಠ ಮುಗಿದ ಮೇಲೆ ಅದೇ ಮೊಬೈಲ್‌ನಲ್ಲಿ ಆಟ, ವಿಡಿಯೊ, ಅಪರಿಚಿತರ ಸಂದೇಶ ಎಲ್ಲವೂ ಇವೆ. ಅನೇಕ ಮನೆಗಳಲ್ಲಿ ಅದು ತಂದೆಯ ಬ್ಯಾಂಕ್ ವ್ಯವಹಾರದ ಮೊಬೈಲ್ ಕೂಡ. ಆಟದ ನಾಣ್ಯ ಉಚಿತವಾಗಿ ಕೊಡುವೆನೆಂದು ಒಬ್ಬ ಒಟಿಪಿ ಕೇಳಬಹುದು. ನಿನ್ನದೇ ವಯಸ್ಸಿನವನೆಂದು ನಂಬಿಸಿ ಇನ್ನೊಬ್ಬ ಫೋಟೊ ತರಿಸಿಕೊಳ್ಳಬಹುದು.

ಆಮೇಲೆ ಬರುವ ಬೆದರಿಕೆಯನ್ನು ಗಮನಿಸಿ: ‘ನಿನ್ನ ಅಪ್ಪ-ಅಮ್ಮನಿಗೆ ತೋರಿಸುತ್ತೇನೆ.’ ಅಂದರೆ ವಂಚಕನ ಕೈಯಲ್ಲಿರುವ ಆಯುಧ ನಮ್ಮ ಮೇಲೆ ಮಗುವಿಗಿರುವ ಭಯ. ತಪ್ಪು ಮಾಡಿದರೆ ಮೊಬೈಲ್ ಕಿತ್ತುಕೊಳ್ಳುತ್ತೇವೆ ಎಂದು ದಿನವೂ ಹೇಳುವ ಮನೆಯಲ್ಲಿ ಮಗು ಬಾಯಿ ಬಿಡುವುದಿಲ್ಲ. ಶಾಲೆಗಳು ಮುಚ್ಚಿದ್ದ ದಿನಗಳಲ್ಲಂತೂ ಮೊಬೈಲ್ ಹೋದರೆ ಪಾಠವೂ ಹೋಗುತ್ತಿತ್ತು.

ಆದ್ದರಿಂದ ಪಾಲಕರು ಮೊದಲು ಕೊಡಬೇಕಾದದ್ದು ಒಂದು ಮಾತು: ‘ಏನೇ ಆಗಿರಲಿ, ನಮಗೆ ಹೇಳು. ಬೈಯುವುದಿಲ್ಲ, ನಿನ್ನ ಪಾಠವೂ ನಿಲ್ಲುವುದಿಲ್ಲ.’ ಆ ಮಾತನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಉಳಿದ ಎಚ್ಚರಿಕೆಗಳು ಅದರ ನಂತರ. ಮಕ್ಕಳು ಕೋಣೆಯ ಬಾಗಿಲು ಹಾಕಿಕೊಳ್ಳದೆ ಹಜಾರದಲ್ಲಿ ಕುಳಿತು ಕಲಿಯಲಿ. ಹಣ ಪಾವತಿಯ ಪಿನ್ ಮಕ್ಕಳಿಗೆ ತಿಳಿಯದಿರಲಿ. ಅವರು ಆಡುವ ಆಟವನ್ನು ಒಮ್ಮೆಯಾದರೂ ಜೊತೆಗೆ ಕುಳಿತು ನೋಡಿ.

ಬೆದರಿಕೆ ಬಂದೇಬಿಟ್ಟರೆ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷ್ಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ತಿಳಿಸದೆಯೂ ದೂರು ನೀಡಬಹುದು. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು-ಹೆಣ್ಣು ಎಲ್ಲ ಮಕ್ಕಳಿಗೂ ರಕ್ಷಣೆ ನೀಡುತ್ತದೆ.

‘ಮರ್ಯಾದೆ ಹೋಗುತ್ತದೆ’ ಎಂದು ಮನೆಯಲ್ಲೇ ಮುಚ್ಚಿಟ್ಟರೆ ಲಾಭ ವಂಚಕನಿಗೆ. ನಾಚಬೇಕಾದವನು ಅವನು, ಮಗುವಲ್ಲ.